‘ಏನ್ ಕೆಲ್ಸ ಸಾ ನಿಮ್ದು?’ ಅಂತ ಕೇಳಿದರೆ

ಪ್ರಶ್ನೆ: ನನಗೆ 47 ವರ್ಷ. ಮೈಸೂರಿನ ಒಂದು ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ 22 ವರ್ಷ ದುಡಿದೆ. ಎರಡು ತಿಂಗಳ ಹಿಂದೆ ನಮ್ಮ ಲೈನನ್ನೇ ಮುಚ್ಚಿ, ಹದಿನಾಲ್ಕು ಜನಕ್ಕೆ ಲೆಕ್ಕ ಚುಕ್ತಾ ಮಾಡಿ ಕಳಿಸಿದರು. ಈಗಲೂ ಬೆಳಗಿನ ಜಾವ ನಾಲ್ಕೂವರೆಗೆ ಎಚ್ಚರವಾಗುತ್ತದೆ. ಎದ್ದು ಏನು ಮಾಡುವುದೋ ಗೊತ್ತಾಗುವುದಿಲ್ಲ. ನನ್ನ ಹತ್ತಿರ ಹಳೆಯ ನಿಕಾನ್ ಡಿ5300 ಇದೆ, ಜೊತೆಗೆ 18–55 ಮತ್ತು 70–300 ಲೆನ್ಸ್. ಯೂನಿಕಾರ್ನ್ ಬೈಕಿದೆ. ಸಂಕ್ರಾಂತಿ ಕಳೆದ ಮೇಲೆ ಒಬ್ಬನೇ ಫೋಟೋ ತೆಗೆಯುತ್ತಾ ಲಡಾಖ್ ಕಡೆ ಒಂದು ತಿಂಗಳು ಹೋಗಿಬಿಡೋಣ ಅನಿಸುತ್ತಿದೆ. ಬಂದಿರುವ ದುಡ್ಡಿನಲ್ಲಿ ಒಳ್ಳೆಯ ಮಿರರ್‌ಲೆಸ್ ಕ್ಯಾಮೆರಾ ಕೊಳ್ಳುವ ಯೋಚನೆಯೂ ಇದೆ. ಇದು ಸರಿಯೇ? ಮುಂದೆ ಫೋಟೋಗ್ರಫಿಯಲ್ಲೇ ಹೊಟ್ಟೆ ಹೊರೆಯಬಹುದೇ? ಪಾಂಡವಪುರ ತಾಲೂಕಿನ ಊರಲ್ಲಿರುವ ತಾಯಿಗೆ ಇನ್ನೂ ವಿಷಯ ಹೇಳಿಲ್ಲ. ಹೆಂಡತಿ ‘ನಾನೂ ಬರ್ತೀನಿ’ ಅನ್ನುತ್ತಾಳೆ. ಅದಕ್ಕೇನು ಮಾಡಲಿ?

ಉತ್ತರ: ಹೋಗಿ. ಲಡಾಖ್‌ಗೆ ಮಾತ್ರ ಬೇಡ.

ಸಂಕ್ರಾಂತಿ ಕಳೆದ ಹೊತ್ತಿಗೆ ಮನಾಲಿ ಕಡೆಯಿಂದ ಲೇಹ್‌ಗೆ ಹೋಗುವ ರಸ್ತೆ ಹಿಮದಡಿ ಮುಚ್ಚಿರುತ್ತದೆ, ಬೇಸಿಗೆಯವರೆಗೆ ತೆರೆಯುವುದಿಲ್ಲ. ಅದು ಚಿಕ್ಕ ಕಾರಣ. ದೊಡ್ಡ ಕಾರಣ ಹೇಳಬೇಕಾದರೆ ನನ್ನದೇ ಕಥೆ ಹೇಳಬೇಕು.

ಮೈಸೂರಿನ ಒಂದು ಕಲರ್ ಲ್ಯಾಬಿನಲ್ಲಿ ನಾನು 17 ವರ್ಷ ಪ್ರಿಂಟಿಂಗ್ ಮೆಷಿನ್ ಮುಂದೆ ನಿಂತವನು. ಡಿಜಿಟಲ್ ಬಂತು, ಫಿಲ್ಮ್ ರೋಲ್ ತರುವವರು ನಿಂತರು. 2005ರಲ್ಲಿ ಒಂದು ಶನಿವಾರ ಮಾಲೀಕರು ತೊಟ್ಟಿಯ ಕೆಮಿಕಲ್ ಖಾಲಿ ಮಾಡಿಸಿ ಬೀಗ ಹಾಕಿದರು. ಮುಂದಿನ ವಾರವೇ ನಾನು ಬೈಕ್ ಹತ್ತಿದೆ. ಹಂಪಿ, ಬಾದಾಮಿ, ಅಲ್ಲಿಂದ ಇಳಿದು ಗೋಕರ್ಣ. 19 ದಿನ, 31 ರೋಲ್. ವಾಪಸ್ ಬಂದ ಮೇಲೆ ಹೊಳೆಯಿತು ನೋಡಿ: 17 ವರ್ಷ ಪುಕ್ಕಟೆ ರೋಲ್ ತೊಳೆದುಕೊಂಡವನಿಗೆ, ತೊಳೆಸಲು ದುಡ್ಡು ಬೇಕು ಅನ್ನುವುದೇ ಮರೆತುಹೋಗಿತ್ತು! ರೋಲುಗಳೆಲ್ಲ ಬೀರು ಸೇರಿದವು. ಒಂದೂವರೆ ವರ್ಷ ಬಿಟ್ಟು ತೊಳೆಸಿದಾಗ ಸೆಕೆ, ತೇವ ಎರಡೂ ತಿಂದು ಬಾದಾಮಿಯ ಕೆಂಪು ಬಂಡೆ ನೇರಳೆ ಬಣ್ಣಕ್ಕೆ ತಿರುಗಿತ್ತು.

ಅದಕ್ಕೆ ನನಗೆ ಬೇಜಾರಿಲ್ಲ. ಬೇಜಾರಿರುವುದು ಇನ್ನೊಂದಕ್ಕೆ. ಆ 19 ದಿನದಲ್ಲಿ ಒಬ್ಬರಿಗೂ ನಾನು ನಿಜ ಹೇಳಲಿಲ್ಲ. ಹಂಪಿಯಲ್ಲಿ ಯಾರೋ ಕೇಳಿದರೆ ಪತ್ರಿಕೆಯವನು ಅಂದೆ. ಗೋಕರ್ಣದಲ್ಲಿ ಸ್ವಂತ ಸ್ಟುಡಿಯೋ ಇದೆ ಅಂದೆ. ಮೈಸೂರಿಗೆ ಬಂದ ಮರುದಿನ ಬೆಳಿಗ್ಗೆ ಹಾಲಿನ ಬೂತಿನವರು ‘ಯಾಕಣ್ಣ, ಇವತ್ತು ಲ್ಯಾಬಿಗೆ ಹೋಗ್ಲಿಲ್ವಾ?’ ಅಂದರು. ನಾಲಿಗೆ ಏಳಲೇ ಇಲ್ಲ. ಸಾವಿರಾರು ಕಿಲೋಮೀಟರ್ ಸುತ್ತಿ ಬಂದವನು ಹಾಲಿನ ಬೂತಿನ ಮುಂದೆ ಸೋತೆ. ಆಮೇಲೆ ಮೂರು ತಿಂಗಳು ಬೇರೆ ಬೀದಿಯಿಂದ ಹಾಲು ತಂದೆ.

ನಮ್ಮ ಮೈಸೂರು, ಮಂಡ್ಯದ ಕಡೆ ಹೊಸಬರನ್ನು ಕಂಡರೆ ಜನ ಮೊದಲು ಕೇಳುವುದು ‘ಯಾವೂರಾಯ್ತು?’. ಎರಡನೆಯದು ‘ಏನ್ ಕೆಲ್ಸ ಸಾ ನಿಮ್ದು?’. ಕೇಳುವವರಿಗೆ ಅದರಲ್ಲಿ ಯಾವ ಕುಹಕವೂ ಇಲ್ಲ, ಮಾತಿಗೆ ಒಂದು ಎಳೆ ಬೇಕಷ್ಟೆ. ಆದರೆ ನಿಮಗೆ ಈಗ ಅದು ಕಾಲಿಗೆ ಚುಚ್ಚಿದ ಮುಳ್ಳು. ಲಡಾಖ್‌ನಲ್ಲಿ ಆ ಪ್ರಶ್ನೆಯನ್ನು ಯಾರೂ ನಿಮಗೆ ಕನ್ನಡದಲ್ಲಿ ಕೇಳುವುದಿಲ್ಲ. ಅದಕ್ಕೇ ಅಲ್ಲಿಗೆ ಹೋಗಬೇಕು ಅನಿಸುತ್ತಿದೆಯೋ ಏನೋ. ನಾನು ಹೇಳುವುದು ತದ್ವಿರುದ್ಧ: ಆ ಪ್ರಶ್ನೆ ದಿನಕ್ಕೆ ನಾಲ್ಕು ಸಲ ಬೀಳುವ ಕಡೆಗೇ ಹೋಗಿ. ಒಬ್ಬರೇ ಹೋಗಿ. ಗೆಳೆಯ ಪಕ್ಕದಲ್ಲಿದ್ದರೆ ಉತ್ತರ ಅವನು ಹೇಳಿಬಿಡುತ್ತಾನೆ. ‘22 ವರ್ಷ ಫ್ಯಾಕ್ಟರೀಲಿದ್ದೆ, ಲೈನ್ ಮುಚ್ಚಿದ್ರು, ಈಗ ಬೇರೆ ಹುಡುಕ್ತಿದ್ದೀನಿ.’ ಇಷ್ಟೇ ವಾಕ್ಯ. ಮೊದಲ ಸಲ ಗಂಟಲು ಕಟ್ಟುತ್ತದೆ. ಮೂವತ್ತನೇ ಸಲಕ್ಕೆ ‘ಊಟ ಆಯ್ತು’ ಅಂದಷ್ಟೇ ಸಲೀಸು. ಈ ಪ್ರಯಾಣದಲ್ಲಿ ಫೋಟೋ ತೆಗೆಯುವುದು ಅರ್ಧ ಕೆಲಸವಾದರೆ ಇದು ಇನ್ನರ್ಧ.

ಹೊರಡುವ ಮೊದಲು ಒಂದು ಮಾತು ಕೇಳಲೇಬೇಕು. ‘ಹೋಗಿಬಿಡೋಣ ಅನಿಸುತ್ತಿದೆ’ ಎಂದು ಬರೆದಿದ್ದೀರಿ. ಆ ‘ಹೋಗಿಬಿಡೋಣ’ ಬರೀ ಊರು ಬಿಟ್ಟು ಹೋಗುವುದೇ ಆಗಿದ್ದರೆ ಸರಿ. ಅದರೊಳಗೆ ಬೇರೆ ಅರ್ಥವೇನಾದರೂ ಇಣುಕುತ್ತಿದ್ದರೆ, ನಿದ್ದೆ, ಊಟ ಎರಡೂ ಕೆಟ್ಟು ವಾರಗಳಾಗಿದ್ದರೆ, ಒಬ್ಬರೇ ಹೊರಡಬೇಡಿ. ಅದೂ ನಾನು ಹೇಳಲಿರುವ ದಾರಿ ಪೂರ್ತಿ ನೀರಿನ ಪಕ್ಕದ್ದು. ಮೊದಲು ಹೆಂಡತಿಗೆ ಹೇಳಿ, ವೈದ್ಯರನ್ನು ನೋಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ನಾನು ಕ್ಯಾಮೆರಾ ಕಲಿಸುವವನು, ಡಾಕ್ಟರಲ್ಲ. ಆದರೂ ಪತ್ರದ ಆ ಪದವನ್ನು ಹಾಗೇ ದಾಟಿ ಹೋಗಲು ಮನಸ್ಸಾಗಲಿಲ್ಲ.

ಈಗ ದುಡ್ಡು. ‘ಬಂದಿರುವ ದುಡ್ಡು’ ಅಂತ ಒಟ್ಟಿಗೆ ಹೇಳಬೇಡಿ, ಬಿಡಿಬಿಡಿಯಾಗಿ ಬರೆದು ನೋಡಿ. ಗ್ರಾಚ್ಯುಟಿಯ, ಅಂದರೆ ಸೇವೆ ಮುಗಿದಾಗ ಕಂಪನಿ ಕೊಡುವ ಇಡುಗಂಟಿನ, ಲೆಕ್ಕ ಸರಳ: ಕೊನೆಯ ತಿಂಗಳ ಮೂಲ ವೇತನ, ತುಟ್ಟಿಭತ್ಯೆ ಎರಡನ್ನೂ ಕೂಡಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ನಿಮ್ಮದು 38,000 ಇತ್ತೆಂದು ಇಟ್ಟುಕೊಂಡರೆ, 22 ವರ್ಷಕ್ಕೆ ಹತ್ತಿರಹತ್ತಿರ 4.82 ಲಕ್ಷ. ಇದನ್ನು 30 ದಿನದೊಳಗೆ ಕೊಡಬೇಕೆಂಬುದು ಕಾನೂನು. ನಿಮ್ಮ ಕೈಗೆ ಬಂದ ಚೀಟಿಯಲ್ಲಿ ಈ ಸಾಲು ಬೇರೆಯಾಗಿದೆಯೇ ನೋಡಿ. ಎಲ್ಲ ಸೇರಿಸಿ ‘ಒಟ್ಟು ಮೊತ್ತ’ ಎಂದು ಬರೆದಿದ್ದರೆ ವಿವರ ಕೇಳಿ ಪಡೆಯಿರಿ. ಪಿಎಫ್ ಸದ್ಯಕ್ಕೆ ಮುಟ್ಟಬೇಡಿ. ಐದು ವರ್ಷ ದಾಟಿದ ಸೇವೆಯಾದ್ದರಿಂದ ತೆಗೆದರೆ ತೆರಿಗೆ ಇಲ್ಲ, ಆದರೆ ತೆರಿಗೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ತೆಗೆದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಕಂಪನಿಯ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಹೋಗಿಬಿಡುತ್ತದೆ. ಬೈಕ್ ಹೊರಗೆ ತೆಗೆಯುವ ಮೊದಲು ಮನೆಮಂದಿಗೆಲ್ಲ ಒಂದು ಪಾಲಿಸಿ ಮಾಡಿಸಿ. ಆರು ತಿಂಗಳ ಮನೆಖರ್ಚು ಬೇರೆ ಖಾತೆಗೆ ಹಾಕಿ. ಉಳಿದದ್ದರಲ್ಲಿ ಈ ಪ್ರಯಾಣಕ್ಕೆ ಹತ್ತು ಸಾವಿರ. ಅದಕ್ಕಿಂತ ಒಂದು ರೂಪಾಯಿಯೂ ಬೇಡ.

ಹತ್ತು ಸಾವಿರ ಅಂದಮೇಲೆ ಮಿರರ್‌ಲೆಸ್ ಮಾತು ಮುಗಿಯಿತು. ಬೇಸರ ಮಾಡಿಕೊಳ್ಳಬೇಡಿ. ಡಿ5300 ಕೊಡುವುದು 24 ಮೆಗಾಪಿಕ್ಸೆಲ್, ಗೋಡೆಗೆ ತೂಗು ಹಾಕುವಷ್ಟು ದೊಡ್ಡ ಪ್ರಿಂಟ್ ತೆಗೆಯಲು ಸಾಕು. ನನಗೆ ಚಿಂತೆ ಇರುವುದು ಕ್ಯಾಮೆರಾ ಹಳೆಯದಾಯಿತು ಅಂತಲ್ಲ, ಅದು ಇಷ್ಟು ವರ್ಷ ಬೀರುವಿನಲ್ಲಿ ಇತ್ತಲ್ಲ ಅಂತ. ಲೆನ್ಸಿನ ಎರಡೂ ಕಡೆಯ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯ ಹಾಗೆ ನವಿರು ಎಳೆಗಳು ಕಂಡರೆ ಅದು ಫಂಗಸ್. ರಿಪೇರಿಯವರಿಗೆ ಕೊಟ್ಟು ತೆಗೆಸಿ. ಆಮೇಲೆ ಲೆನ್ಸಿನ ಕಿಂಡಿ ಕಿರಿದು ಮಾಡಿ ಎಫ್/16ಕ್ಕೆ ಇಟ್ಟು ಬರಿ ಆಕಾಶದ ಒಂದು ಫೋಟೋ ತೆಗೆಯಿರಿ. ಕಪ್ಪು ಚುಕ್ಕೆಗಳು ಕಂಡರೆ ಸೆನ್ಸರ್ ಮೇಲೆ ಧೂಳಿದೆ. ಏನಾದರೂ ಕೊಳ್ಳಲೇಬೇಕು ಅಂತ ಕೈ ತುರಿಸಿದರೆ ಸೆಕೆಂಡ್ ಹ್ಯಾಂಡ್ 35 ಎಂಎಂ ಎಫ್/1.8 ಡಿಎಕ್ಸ್ ಲೆನ್ಸ್ ಹುಡುಕಿ. ಎಎಫ್-ಎಸ್ ಎಂದು ಬರೆದಿರುವುದನ್ನೇ ತೆಗೆದುಕೊಳ್ಳಿ, ಅದರೊಳಗೇ ಮೋಟಾರ್ ಇರುತ್ತದೆ. ಡಿ5300 ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ, ಹಳೆಯ ಎಎಫ್-ಡಿ ಲೆನ್ಸ್ ಕಡಿಮೆಗೆ ಸಿಕ್ಕಿತೆಂದು ತಂದರೆ ಕೈಯಲ್ಲೇ ತಿರುಗಿಸುತ್ತಾ ಕೂರಬೇಕಾಗುತ್ತದೆ.

ದಾರಿ ಯಾವುದು ಅಂತ ಕೇಳುತ್ತೀರಿ. ನೀರಿನ ಹಿಂದೆ ಹೋಗಿ. ಕನ್ನಂಬಾಡಿ ಕಟ್ಟೆಯಿಂದ ಹೊರಟ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗೆಲ್ಲ ಹಂಚಿಹೋಗುತ್ತದೆ. ಅದರ ಜಾಡು ಹಿಡಿದು ಇಳಿದು, ಶಿವನಸಮುದ್ರದಲ್ಲಿ ಮತ್ತೆ ಕಾವೇರಿಯನ್ನು ಸೇರಿಕೊಂಡು, ತಲಕಾಡು, ತಿ. ನರಸೀಪುರ, ಸೋಮನಾಥಪುರದ ಮೇಲೆ ಮೈಸೂರಿಗೆ ವಾಪಸ್. ಅಡ್ಡದಾರಿ ಸೇರಿಸಿದರೂ ನಾನೂರು, ನಾನೂರೈವತ್ತು ಕಿಲೋಮೀಟರ್. ಒಂಬತ್ತು ದಿನ. ಲಡಾಖ್ ದಾರಿಯಲ್ಲಾಗಿದ್ದರೆ ಒಂದೇ ದಿನಕ್ಕೆ ಅಷ್ಟು ಓಡಿಸಬೇಕಿತ್ತು, ಬೆನ್ನು ನೋಯಿಸಿಕೊಂಡು, ಹೆದ್ದಾರಿಯ ಡಿವೈಡರ್ ನೋಡಿಕೊಂಡು. ಅಂದಹಾಗೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್‌ನಿಂದ ಬೈಕ್ ಬಿಡುತ್ತಿಲ್ಲ. ಸರ್ವಿಸ್ ರಸ್ತೆಯೇ ಗತಿ. ಫೋಟೋಗ್ರಾಫರ್‌ಗೆ ಅದು ಶಿಕ್ಷೆಯಲ್ಲ. ಎಳನೀರು, ಚಹಾ, ಮದ್ದೂರು ವಡೆ, ಮಾತಾಡುವ ಜನ, ಎಲ್ಲ ಇರುವುದು ಸರ್ವಿಸ್ ರಸ್ತೆಯಲ್ಲೇ.

ನಿಮಗೊಂದು ಅನುಕೂಲ ಇದೆ. ಬೇರೆ ಎಲ್ಲರೂ ಅಲಾರಂ ಇಟ್ಟು, ಅದನ್ನು ಮೂರು ಸಲ ಬಾಯಿ ಮುಚ್ಚಿಸಿ, ಸೂರ್ಯ ನೆತ್ತಿಗೆ ಬರುವಾಗ ಕ್ಯಾಮೆರಾ ಹಿಡಿಯುತ್ತಾರೆ. ನಿಮ್ಮ ಮೈ ಇನ್ನೂ ಫಸ್ಟ್ ಶಿಫ್ಟ್‌ನಲ್ಲೇ ಇದೆ. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಆರೂ ಮುಕ್ಕಾಲರ ಹತ್ತಿರ. ನಾಲ್ಕೂವರೆಗೆ ಎದ್ದವರು ಐದೂವರೆಗೆ ಮೈಸೂರು ಬಿಟ್ಟರೆ, ಬೆಳಕು ಹರಿಯುವಾಗ ಹೊಸ ಕನ್ನಂಬಾಡಿಯ ಹಿನ್ನೀರಿನ ದಡದಲ್ಲಿರುತ್ತೀರಿ. ಕಟ್ಟೆ ಕಟ್ಟಿದಾಗ ಮುಳುಗಿದ ವೇಣುಗೋಪಾಲಸ್ವಾಮಿ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಮಂಜು ಇದ್ದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮೋಸ ಹೋಗಿ ಎಲ್ಲವನ್ನೂ ಬೂದು ಮಾಡುತ್ತದೆ. ಎಕ್ಸ್‌ಪೋಷರ್ ಅರ್ಧದಿಂದ ಒಂದು ಸ್ಟಾಪ್ ಏರಿಸಿ. ಅಣೆಕಟ್ಟೆಯ ಕಡೆ ಡ್ರೋನ್, ಗೀನ್ ಅಂತೆಲ್ಲ ಹೋಗಬೇಡಿ, ಅದು ಭದ್ರತೆಯ ಜಾಗ.

ಮೊದಲ ರಾತ್ರಿ ನಿಮ್ಮ ತಾಯಿಯ ಮನೆಯಲ್ಲಿ ಉಳಿಯಿರಿ. ದಾರಿಯನ್ನು ನಾನು ಬೇಕೆಂದೇ ಹಾಗೆ ಬಳಸಿದ್ದೇನೆ. ಬ್ಯಾಗಿನಿಂದ ಕ್ಯಾಮೆರಾ ತೆಗೆಯುವ ಮೊದಲು ವಿಷಯ ಹೇಳಿ. ಬೈಕಿನ ಮೇಲೆ ಗಂಟು ಕಟ್ಟಿಕೊಂಡು ವಾರದ ದಿನ ಮನೆಗೆ ಬಂದ ಮಗನನ್ನು ಕಂಡ ಕೂಡಲೇ ಅವರಿಗೆ ಅರ್ಧ ಗೊತ್ತಾಗಿರುತ್ತದೆ. ನೀವು ಹೇಳದಿದ್ದರೆ ಉಳಿದ ಅರ್ಧವನ್ನು ಅವರೇ ಊಹಿಸಿಕೊಳ್ಳುತ್ತಾರೆ, ಅದು ನಿಜಕ್ಕಿಂತ ಕೆಟ್ಟದಾಗಿರುತ್ತದೆ. ಆ ದಿನ ಅವರ ಫೋಟೋ ತೆಗೆಯಬೇಡಿ. ಮರುದಿನ ಬೆಳಿಗ್ಗೆ ಹಟ್ಟಿಯ ಮುಂದೆ ಬಿಸಿಲು ಬಿದ್ದಾಗ, ಅವರಾಗಿ ಕೂತಾಗ ತೆಗೆಯಿರಿ.

ನಾಲೆ ಏರಿಯ ರಸ್ತೆಗಳ ವಿಷಯದಲ್ಲಿ ತಮಾಷೆ ಬೇಡ. ಎಷ್ಟೋ ಕಡೆ ತಡೆಗೋಡೆ ಇಲ್ಲ, ನಾಲೆ ತುಂಬಿದಾಗ ಸೆಳೆತ ಜೋರು. 2018ರ ನವೆಂಬರ್‌ನಲ್ಲಿ ನಿಮ್ಮ ತಾಲೂಕಿನ ಕನಗನಮರಡಿಯಲ್ಲಿ ಬಸ್ ನಾಲೆಗೆ ಬಿದ್ದು 30 ಜನ ಹೋದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಫೋಟೋ ಕಂಡರೆ ಬೈಕ್ ಪೂರ್ತಿ ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಇಳಿದು ತೆಗೆಯಿರಿ. ಕತ್ತಲಾದ ಮೇಲೆ ಏರಿ ರಸ್ತೆ ಬೇಡವೇ ಬೇಡ. ಸಂಜೆ ಏಳಕ್ಕೆ, ಎಲ್ಲಿದ್ದೀರಿ ಅಂತ ಮನೆಗೊಂದು ಫೋನ್.

ಮೇಲುಕೋಟೆಗೆ ಹೋಗುವುದಾದರೆ ಹೋಗಿ. ಯೋಗನರಸಿಂಹನ ಬೆಟ್ಟ, ಕಲ್ಯಾಣಿ, ರಾಯಗೋಪುರ ಮೂರನ್ನೂ ಈಗಾಗಲೇ ಲಕ್ಷ ಜನ ತೆಗೆದಿದ್ದಾರೆ, ನಿಮ್ಮದು ಲಕ್ಷದ ಒಂದನೆಯದು. ಪುಳಿಯೋಗರೆ ತಿಂದು ಮುಂದೆ ನಡೆಯಿರಿ.

ನಿಲ್ಲಬೇಕಾದ ಜಾಗ ಬೆಲ್ಲ ಕಾಯಿಸುವ ಆಲೆಮನೆ. ಮಂಡ್ಯ ಸುತ್ತ ನಾಲೆ ನೀರು ಹರಿದಲ್ಲೆಲ್ಲ ಕಬ್ಬು, ಕಬ್ಬಿದ್ದಲ್ಲಿ ಹೊಗೆ. ಆ ಹೊಗೆ ನೋಡಿಕೊಂಡು ಗಾಡಿ ತಿರುಗಿಸಿ. ಒಂದಲ್ಲ, ಎರಡು ಪೂರ್ತಿ ದಿನ ಇದಕ್ಕೇ ಇಡಿ. ಮೊದಲ ದಿನ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ಹೋಗಿ ಒಂದು ಲೋಟ ಹಾಲು ಕುಡಿಯಿರಿ, ಗಾಣದಿಂದ ಇಳಿದ ಕಬ್ಬಿನ ಹಾಲು. ನಿಮ್ಮ ಕಣ್ಣು ತಾನಾಗಿ ಗಾಣದ ಬೆಲ್ಟಿನ ಕಡೆ, ಬೇರಿಂಗಿನ ಸದ್ದಿನ ಕಡೆ ಹೋಗುತ್ತದೆ. ಹೋಗಲಿ. ‘ಗ್ರೀಸ್ ಆರಿದೆ ಕಣಣ್ಣ’ ಅಂತ ಒಂದು ಮಾತು ಆಡಿದಿರೋ, ಆಲೆಮನೆಯವರು ಮಾತಿಗೆ ಸಿಕ್ಕರು. ಆಗ ಬರುತ್ತದೆ ಆ ಪ್ರಶ್ನೆ. ಉತ್ತರ ಹೇಳಿ. ಈಗ ಎಷ್ಟೋ ಆಲೆಮನೆಗಳಲ್ಲಿ ಒಲೆಗೆ ಸಿಪ್ಪೆ ಹಾಕುವವರು, ಪಾಕ ತಿರುವುವವರು ಉತ್ತರ ಭಾರತದಿಂದ ಬಂದವರು. ಕೆಲಸ ಹುಡುಕಿಕೊಂಡು ಅವರು ಬಂದಿರುವ ದೂರವೂ ಸಾವಿರಾರು ಕಿಲೋಮೀಟರ್. ಅವರಿಗೆ ನಿಮ್ಮ ಕನ್ನಡ ಅರ್ಥವಾಗದಿದ್ದರೂ, ಕೆಲಸ ಹೋಯಿತು ಅನ್ನುವುದು ಅರ್ಥವಾಗುತ್ತದೆ.

ಎರಡನೇ ದಿನ ಕ್ಯಾಮೆರಾ. ಬೆಳಗಿನ ಚಳಿಯಿಂದ ನೇರ ಕೊಪ್ಪರಿಗೆಯ ಆವಿಗೆ ಲೆನ್ಸ್ ಒಡ್ಡಿದರೆ ಗಾಜು ಮಂಜಾಗುತ್ತದೆ. ಬ್ಯಾಗ್ ಸಮೇತ ಒಳಗಿಟ್ಟು ಕಾಲು ಗಂಟೆ ಕಾಯಿರಿ. ಬಟ್ಟೆಯಲ್ಲಿ ಒರೆಸುತ್ತಾ ಕೂತರೆ ಒಂದು ಪದರ ಹೋಗಿ ಇನ್ನೊಂದು ಪದರ ಬರುತ್ತದೆ ಅಷ್ಟೆ. ಸೂರಿನ ಸಂದಿಯಿಂದ ಬೆಳಕಿನ ಕೋಲು ಇಳಿಯುತ್ತದೆ, ಆವಿ ಅದನ್ನು ಹಿಡಿದು ತೋರಿಸುತ್ತದೆ. ನೀವು ಬೆಳಕಿಗೆ ಎದುರಾಗಿ ನಿಲ್ಲಿ, ಆವಿ ನಿಮ್ಮ ಮತ್ತು ಬೆಳಕಿನ ನಡುವೆ ಇರಲಿ. 35 ಎಂಎಂ ಲೆನ್ಸ್, ಎಫ್/2, ಐಎಸ್‌ಒ 1600, ಶಟರ್ 1/125ರಿಂದ ಶುರು ಮಾಡಿ. ಬಿಳಿ ಆವಿ ಸುಟ್ಟುಹೋಗದ ಹಾಗೆ ನೋಡಿಕೊಳ್ಳಿ, ಕತ್ತಲಾಗಿ ಬಿದ್ದದ್ದನ್ನು ರಾ (ಕಚ್ಚಾ) ಫೈಲಿನಲ್ಲಿ ಆಮೇಲೆ ಎತ್ತಬಹುದು. ಪಾಕಕ್ಕೆ ಸುಣ್ಣ ಹಾಕುವುದು, ಮಡ್ಡಿ ತೆಗೆಯುವುದು, ಪಾಕ ಹದಕ್ಕೆ ಬಂತೇ ಎಂದು ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುವುದು, ಆಮೇಲೆ ಅಚ್ಚಿಗೆ ಸುರಿಯುವುದು. ಎಲ್ಲರೂ ತೆಗೆಯುವುದು ಸುರಿಯುವ ಫೋಟೋ. ನೀವು ಆ ಬೆರಳನ್ನು ತೆಗೆಯಿರಿ. ಹದ ಬಂದ ಮೇಲೆ ಅರೆಗಳಿಗೆ ತಡವಾದರೆ ಪೂರ್ತಿ ಕೊಪ್ಪರಿಗೆ ಕೆಡುತ್ತದೆ. ಮೇಂಟೆನೆನ್ಸಿನವರಿಗೆ ಆ ಅರೆಗಳಿಗೆ ಏನೆಂದು ಬೇರೆಯವರು ಹೇಳಿಕೊಡಬೇಕಿಲ್ಲ.

ಮಂಡ್ಯದಿಂದ ಬಸರಾಳಿಗೆ ಒಂದು ಅಡ್ಡಪಯಣ ಮಾಡಿ. 1234ರಲ್ಲಿ ಕಟ್ಟಿದ ಮಲ್ಲಿಕಾರ್ಜುನ ದೇವಾಲಯ. ಬೇಲೂರಿನ ನೂಕುನುಗ್ಗಲು ಇಲ್ಲಿಲ್ಲ, ಒಂದೊಂದು ಶಿಲ್ಪದ ಮುಂದೆಯೂ ಬೇಕಾದಷ್ಟು ಹೊತ್ತು ನಿಲ್ಲಬಹುದು. ಕಪ್ಪು ಕಲ್ಲನ್ನು ಕಂಡರೆ ಮೀಟರ್ ಗಾಬರಿಯಾಗಿ ಬೆಳಕು ಹೆಚ್ಚು ಕೊಡುತ್ತದೆ. ಎಕ್ಸ್‌ಪೋಷರ್ ಮೈನಸ್ 0.7ಕ್ಕೆ ಇಳಿಸಿ. ಬಿಸಿಲು ಗೋಡೆಯನ್ನು ಓರೆಯಾಗಿ ಸವರುವ ಹೊತ್ತು ನೋಡಿ ಹೋಗಿ. ನೇರ ಬಿಸಿಲಿನಲ್ಲಿ ಎಂಥ ಕೆತ್ತನೆಯೂ ಚಪ್ಪಟೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು, ಆದ್ದರಿಂದ ಅದನ್ನು ಮನೆಯಲ್ಲೇ ಬಿಡಿ.

70–300 ಲೆನ್ಸಿಗೆ ಕೆಲಸ ಇರುವುದು ಕೊಕ್ಕರೆ ಬೆಳ್ಳೂರಿನಲ್ಲಿ. ಮದ್ದೂರಿನಿಂದ ಹದಿಮೂರು, ಹದಿನಾಲ್ಕು ಕಿಲೋಮೀಟರ್, ಶಿಂಷಾ ನದಿಯ ಪಕ್ಕ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಡಿಸೆಂಬರ್ ಹೊತ್ತಿಗೆ ಬಂದು, ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟಿ, ಬೇಸಿಗೆ ಮುಗಿಯುವಾಗ ಹೋಗುತ್ತವೆ. ಊರವರು ಅವನ್ನು ಬಾಣಂತನಕ್ಕೆ ಬಂದ ಮಗಳೆನ್ನುತ್ತಾರೆ. ಹಕ್ಕಿ ಕೂತ ಮರದ ಹುಣಸೆ ಫಸಲಿನ ಆಸೆ ಬಿಟ್ಟವರು ಅವರು, ಬರೀ ಬಾಯಿಮಾತಲ್ಲ. ಮನೆಯ ಮಾಡಿನ ಮೇಲೆಯೇ ಹಕ್ಕಿ ಇರುವುದರಿಂದ ಲಕ್ಷಗಟ್ಟಲೆಯ ಲೆನ್ಸ್ ಇಲ್ಲಿ ದಂಡ, ನಿಮ್ಮ 300 ಧಾರಾಳ. ಹಾರುವ ಹಕ್ಕಿಗೆ ಶಟರ್ 1/1000ಕ್ಕಿಂತ ಕೆಳಗಿಳಿಸಬೇಡಿ, ಫೋಕಸನ್ನು ಚಲಿಸುವುದನ್ನು ಬೆನ್ನಟ್ಟುವ ಎಎಫ್-ಸಿಗೆ ಹಾಕಿ. ಹಕ್ಕಿಯೊಂದನ್ನೇ ಬಿಡಿಸಿ ತೆಗೆದರೆ ಅದು ಎಲ್ಲಿಯ ಹಕ್ಕಿಯೂ ಆಗಬಹುದು. ಕೆಳಗೆ ಅಂಗಳ ಗುಡಿಸುತ್ತಿರುವವರೂ ಚೌಕಟ್ಟಿನೊಳಗೆ ಬರಲಿ. ಅವರನ್ನು ಕೇಳಿ ತೆಗೆಯಿರಿ. ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸುವವರನ್ನು ಅಲ್ಲಿ ಯಾರೂ ಕ್ಷಮಿಸುವುದಿಲ್ಲ, ನಾನೂ ಕ್ಷಮಿಸುವುದಿಲ್ಲ.

ಶಿವನಸಮುದ್ರಕ್ಕೆ ಬರುವ ಹೊತ್ತಿಗೆ ಗಗನಚುಕ್ಕಿ ಸೊರಗಿರುತ್ತದೆ. ಜಲಪಾತ ನೋಡಬೇಕಾದರೆ ಮಳೆಗಾಲದಲ್ಲಿ ಬರಬೇಕು. ಆದರೂ ನಿಮ್ಮನ್ನು ಅಲ್ಲಿಗೆ ಕಳಿಸುತ್ತಿರುವುದು ನೀರಿಗಾಗಿ ಅಲ್ಲ. 1902ರಲ್ಲಿ ಇಲ್ಲಿನ ವಿದ್ಯುದಾಗಾರದಿಂದ ಕರೆಂಟು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಮೈಸೂರು, ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಆಮೇಲೆ. ಗಣಿ 2001ರಲ್ಲಿ ಮುಚ್ಚಿತು. ವಿದ್ಯುದಾಗಾರದ ಒಳಗೆ ಹೋಗಲು ಅನುಮತಿ ಬೇಕು, ಹೊರಗಿನಿಂದ ಆ ದಪ್ಪ ಪೈಪುಗಳು ಕಣಿವೆಗೆ ಇಳಿಯುವುದನ್ನು ನೋಡಿದರೂ ನಿಮ್ಮಂಥವರಿಗೆ ಒಂದು ಮಧ್ಯಾಹ್ನ ಹೋದದ್ದು ತಿಳಿಯುವುದಿಲ್ಲ. ಬಂಡೆಗಳ ಮೇಲೆ ಇಳಿದು ಸೆಲ್ಫಿಗೆ ನಿಲ್ಲುವ ಹುಡುಗರ ಸಹವಾಸ ಬೇಡ, ಅಲ್ಲಿ ಜಾರಿದವರು ವಾಪಸ್ ಬಂದದ್ದು ಕಡಿಮೆ. ತಲಕಾಡಿನಲ್ಲಿ ಒಂದೇ ಎಚ್ಚರಿಕೆ: ಮರಳ ಮೇಲೆ ನಿಂತು ಲೆನ್ಸ್ ಬದಲಿಸಬೇಡಿ.

ದಿನಕ್ಕೆ ನಲವತ್ತು ಫೋಟೋ ಸಾಕು. ರೋಲಿನ ಕಾಲದವನ ಜಿಪುಣತನ ಅಂದುಕೊಳ್ಳಿ, ಆದರೂ ಇದು ಕೆಲಸ ಮಾಡುತ್ತದೆ. ನಲವತ್ತೇ ಅಂತಾದರೆ ಒತ್ತುವ ಮೊದಲು ನೋಡುತ್ತೀರಿ. ರಾತ್ರಿ ಲಾಡ್ಜಿನಲ್ಲಿ ಕೂತು ಎಲ್ಲವನ್ನೂ ಸ್ಟೇಟಸ್‌ಗೆ ಹಾಕುವ ಅಭ್ಯಾಸವೂ ಬೇಡ. ಹಳೆಯ ಸಹೋದ್ಯೋಗಿಗಳು ಹಾಕುವ ಲೈಕ್ ಎಣಿಸುತ್ತಾ ನಿದ್ದೆಗೆಡುತ್ತೀರಿ. ಮನೆಗೆ ಬಂದು ಎರಡು ವಾರ ಫೈಲುಗಳನ್ನು ಮುಟ್ಟದೆ ಬಿಟ್ಟು, ಆಮೇಲೆ ಹನ್ನೆರಡನ್ನು ಆರಿಸಿ ಪ್ರಿಂಟ್ ಹಾಕಿಸಿ. ತೊಳೆಸಲು ದುಡ್ಡು ಎತ್ತಿಟ್ಟುಕೊಳ್ಳುವುದನ್ನು ಮಾತ್ರ ನನ್ನ ಹಾಗೆ ಮರೆಯಬೇಡಿ.

ಇನ್ನು ಹೊಟ್ಟೆಪಾಡಿನ ಪ್ರಶ್ನೆ. ಪ್ರವಾಸದ ಫೋಟೋಗಳಿಂದ ಮನೆ ನಡೆಯುವುದಿಲ್ಲ. ಇದರಲ್ಲಿ ನಾಜೂಕು ಮಾಡಿ ಹೇಳುವುದೇನೂ ಇಲ್ಲ. ಮದುವೆ ಫೋಟೋಗ್ರಫಿಯಲ್ಲಿ ಕಾಸಿದೆ, ಆದರೆ ಅದು ಈಗ ಐದಾರು ಹುಡುಗರ ತಂಡದ ಕೆಲಸ, ಸೀಸನ್ ಇದ್ದಾಗ ಇಡೀ ರಾತ್ರಿ ನಿಂತಿರಬೇಕು. 47ಕ್ಕೆ ಹೊಸದಾಗಿ ಅಲ್ಲಿಗೆ ನುಗ್ಗಲು ನಾನು ಹೇಳಲಾರೆ. ನಿಮಗೆ ಇರುವ, ಆ ಹುಡುಗರಿಗೆ ಇಲ್ಲದ ಒಂದು ಬಂಡವಾಳವನ್ನು ನೀವೇ ಗಮನಿಸಿದಂತಿಲ್ಲ. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಮೇಟಗಳ್ಳಿಯ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಿಗೆ ತಮ್ಮ ಬಿಡಿಭಾಗಗಳ, ಯಂತ್ರಗಳ ಫೋಟೋ ಬೇಕು, ಕ್ಯಾಟಲಾಗಿಗೆ, ವೆಬ್‌ಸೈಟಿಗೆ. ಮದುವೆ ಫೋಟೋಗ್ರಾಫರನ್ನು ಕರೆದರೆ ಅವನು ಲೇತ್‌ಗೆ ಮದುವಣಗಿತ್ತಿಗೆ ಹಾಕುವ ಲೈಟನ್ನೇ ಹಾಕುತ್ತಾನೆ, ಉಕ್ಕಿನ ಮೇಲೆಲ್ಲ ಬಿಳಿ ಮಚ್ಚೆ. ಹೊಳೆಯುವ ಲೋಹಕ್ಕೆ ನೇರ ಬೆಳಕು ಆಗದು, ಬಿಳಿ ಪಂಚೆಯ ಹಿಂದಿನಿಂದ ಸೋಸಿ ಬಿಡಬೇಕು. ಇದನ್ನು ವಾರದಲ್ಲಿ ಕಲಿಯಬಹುದು. ತಿರುಗುವ ಚಕ್‌ನಿಂದ ಎಷ್ಟು ದೂರ ನಿಲ್ಲಬೇಕು, ಯಾವ ಭಾಗ ತೋರಿಸಿದರೆ ಕೊಳ್ಳುವವನಿಗೆ ಯಂತ್ರದ ನಿಖರತೆ ಗೊತ್ತಾಗುತ್ತದೆ, ಯಾವ ಗಾರ್ಡ್ ಬಿಚ್ಚಿಟ್ಟ ಫೋಟೋ ಹೊರಗೆ ಹೋದರೆ ಮಾಲೀಕನ ಮಾನ ಹೋಗುತ್ತದೆ, ಇದನ್ನೆಲ್ಲ ಕಲಿಯಲು 22 ವರ್ಷ ಬೇಕು, ಅದು ನಿಮ್ಮ ಹತ್ತಿರ ಇದೆ. ಮೊದಲ ಎರಡು ಘಟಕಗಳಿಗೆ ಖರ್ಚು ಮಾತ್ರ ತೆಗೆದುಕೊಂಡು ಮಾಡಿಕೊಡಿ. ಇದು ಸಂಬಳದಷ್ಟು ತರುತ್ತದೆಂದು ಮಾತು ಕೊಡಲಾರೆ. ಬೇರೆ ಕೆಲಸದ ಹುಡುಕಾಟ ನಿಲ್ಲಿಸದೆ, ಪಕ್ಕದಲ್ಲಿ ಇದನ್ನು ಆರು ತಿಂಗಳು ನಡೆಸಿ ನೋಡಿ.

ಕೊನೆಗೆ ನಿಮ್ಮ ಹೆಂಡತಿಯ ಮಾತು. ಒಂಬತ್ತೂ ದಿನ ಅವರು ಬಂದರೆ ನಾನು ಹೇಳಿದ ಅರ್ಧ ಕೆಲಸ ಆಗುವುದಿಲ್ಲ, ನಿಮ್ಮ ಪರವಾಗಿ ಅವರೇ ಜನಕ್ಕೆ ಉತ್ತರ ಹೇಳುತ್ತಾರೆ. ಬೇಡ ಅಂದುಬಿಟ್ಟರೂ ತಪ್ಪು. ಈ ಎರಡು ತಿಂಗಳು ಅವರೂ ಅದೇ ಪ್ರಶ್ನೆಯನ್ನು ಬೀದಿಯಲ್ಲಿ, ಬಂಧುಗಳ ಮನೆಯಲ್ಲಿ, ಮದುವೆ ಮಂಟಪದಲ್ಲಿ ಎದುರಿಸಿದ್ದಾರೆ. ಅವರ ಕೈಯಲ್ಲಿ ಹಿಡಿದುಕೊಳ್ಳಲು ಕ್ಯಾಮೆರಾ ಕೂಡ ಇರಲಿಲ್ಲ. ಒಂಬತ್ತನೇ ದಿನ ಅವರದಾಗಲಿ. ತಿ. ನರಸೀಪುರದಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ನೀವು ಬನ್ನೂರಿಗೆ ಬನ್ನಿ. ಅವರು ಮೈಸೂರಿನಿಂದ ಬಸ್ಸಿನಲ್ಲಿ ಅಲ್ಲಿಗೆ ಬರಲಿ. ಇಬ್ಬರೂ ಸೋಮನಾಥಪುರಕ್ಕೆ ಹೋಗಿ. ಅಲ್ಲಿನ ಹೊಯ್ಸಳ ದೇವಾಲಯ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಜನ ಹೆಚ್ಚು, ವಾರದ ನಡುವೆ ಹೋದರೆ ಚೆನ್ನ. ಗೋಡೆಯ ಶಿಲ್ಪಗಳ ಪೀಠದಲ್ಲಿ ಮಲ್ಲಿತಮ್ಮ ಎಂಬ ರೂವಾರಿ (ಶಿಲ್ಪಿ) ಅಲ್ಲಲ್ಲಿ ತನ್ನ ಹೆಸರು ಕೆತ್ತಿದ್ದಾನೆ. ಕ್ಯಾಮೆರಾ ಅವರ ಕೈಗೆ ಕೊಟ್ಟು, ಹುಡುಕಿ ತೆಗೆಯಲು ಹೇಳಿ.

ಹಿಂದೆ ಕೂರುವವರಿಗೂ ಹೆಲ್ಮೆಟ್ ಬೇಕು. ಬನ್ನೂರಿನಲ್ಲಿ ನೆನಪಾಗಿ ಪ್ರಯೋಜನವಿಲ್ಲ, ಮೊದಲ ದಿನವೇ ಅವರದನ್ನೂ ಹಿಂದಿನ ಸೀಟಿಗೆ ಕಟ್ಟಿಕೊಂಡು ಹೊರಡಿ.